ಬೆಂಕಿ ಆರಿದ ಮೇಲೆ ಉಳಿಯುವ ಹೊಗೆ

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟೈಕಿನ್’ ಎಂಬ ಹಡಗಿಗೆ ಬೆಂಕಿ ಬಿದ್ದಿತು. ಹತ್ತಿಯ ಹೊರೆಗಳ ಜೊತೆಗೆ ಮದ್ದುಗುಂಡುಗಳನ್ನೂ ಹೊತ್ತಿದ್ದ ಹಡಗು ಅದು. ಉರಿಯನ್ನು ನಂದಿಸಲು ಹೋದವರಲ್ಲಿ 66 ಮಂದಿ ಅಗ್ನಿಶಾಮಕರು ಅಂದಿನ ಸ್ಫೋಟದಲ್ಲಿ ಪ್ರಾಣ ತೆತ್ತರು. ಅವರ ಸ್ಮರಣೆಗಾಗಿ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ.

ಉರಿಯಲ್ಲಿ ಮಡಿದವರನ್ನು ನಾವು ಹೀಗೆ ನೆನೆಯುತ್ತೇವೆ. ಆದರೆ ಮೂವತ್ತು ವರ್ಷ ಸೇವೆ ಮಾಡಿ, ಮೈಮೇಲೆ ಒಂದು ಸುಟ್ಟ ಗಾಯವೂ ಇಲ್ಲದೆ ನಿವೃತ್ತರಾಗಿ, ಹತ್ತಾರು ವರ್ಷಗಳ ಬಳಿಕ ತಮ್ಮ ಮನೆಯಲ್ಲೇ ಕಾಯಿಲೆ ಬೀಳುವ ಅಗ್ನಿಶಾಮಕರೂ ಇದ್ದಾರೆ. ಅವರ ಕಾಯಿಲೆಗೂ ಅವರು ಮಾಡಿದ ಕಾಯಕಕ್ಕೂ ಸಂಬಂಧವಿರಬಹುದೆಂದು ಮನೆಯವರಿಗೆ ಹೊಳೆಯುವುದಿಲ್ಲ. ಎಷ್ಟೋ ಸಲ ವೈದ್ಯರಿಗೂ ಹೊಳೆಯುವುದಿಲ್ಲ. ನಮ್ಮ ಭಕ್ತ ಕುಟುಂಬಗಳಿಂದಲೂ ಈ ಸೇವೆಗೆ ಸೇರಿದವರು, ಸೇರಲು ಸಿದ್ಧತೆ ನಡೆಸಿರುವವರು ಇದ್ದಾರೆ. ಆದುದರಿಂದ ಈ ಸಂಚಿಕೆಯಲ್ಲಿ ಅಗ್ನಿಶಾಮಕರ ಆರೋಗ್ಯವನ್ನು ಕುರಿತು ವಿಚಾರ ಮಾಡೋಣ.

ಬೆಂಕಿಯೊಂದೇ ಕೆಲಸವಲ್ಲ

ನಮ್ಮ ರಾಜ್ಯದಲ್ಲಿ ಈ ಸೇವೆಗೆ 1964ರ ಅಗ್ನಿಶಾಮಕ ದಳ ಅಧಿನಿಯಮವು ಆಧಾರ. ಇಲಾಖೆಯ ಇಂದಿನ ಹೆಸರು ‘ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ’. ‘ತುರ್ತು ಸೇವೆ’ ಎಂಬ ಮಾತಿನಲ್ಲಿ ಬಹಳಷ್ಟು ಅಡಗಿದೆ. ಬಾವಿಗೆ ಬಿದ್ದ ಎಮ್ಮೆಯನ್ನು ಮೇಲೆತ್ತುವುದು, ಹೊಳೆಯ ಪ್ರವಾಹದಲ್ಲಿ ಸಿಲುಕಿದವರನ್ನು ದಡ ಸೇರಿಸುವುದು, ಅಪಘಾತದಲ್ಲಿ ನಜ್ಜುಗುಜ್ಜಾದ ವಾಹನವನ್ನು ಕತ್ತರಿಸಿ ಗಾಯಾಳುವನ್ನು ಹೊರತೆಗೆಯುವುದು, ಕೆರೆಯಲ್ಲಿ ಮುಳುಗಿದವರ ದೇಹವನ್ನು ಹುಡುಕುವುದು ಎಲ್ಲವೂ ಅವರ ಪಾಲಿಗೇ ಬರುತ್ತದೆ.

ಹಳ್ಳಿಗಾಡಿನ ಠಾಣೆಗಳಿಗೆ ಬೇಸಿಗೆ ಬಂತೆಂದರೆ ಬಿಡುವಿಲ್ಲ. ಬಣವೆ, ಕಬ್ಬಿನ ಗದ್ದೆ, ಹತ್ತಿಯ ಗೋದಾಮು, ಗುಡ್ಡದ ಒಣಹುಲ್ಲು ಹೀಗೆ ಒಂದರ ಹಿಂದೊಂದು ಕರೆ. ಬಣವೆಯ ಬೆಂಕಿಯನ್ನು ನಾವು ಸಣ್ಣದೆಂದು ತಿಳಿಯುತ್ತೇವೆ. ಮೇಲೆ ನೀರು ಹೊಡೆದರೂ ಅದು ಒಳಗೊಳಗೇ ಗಂಟೆಗಟ್ಟಲೆ ಹೊಗೆಯಾಡುತ್ತದೆ. ಕೆದಕಿ ಕೆದಕಿ ಆರಿಸಬೇಕು. ಬಣವೆಯ ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ತಾಡಪತ್ರಿಯೂ ಜೊತೆಗೇ ಉರಿದಿರುತ್ತದೆ. ಬಯಲಿನಲ್ಲಿ ನಿಂತಿದ್ದೇವೆಂಬ ಧೈರ್ಯದಿಂದ ಮುಖಕ್ಕೆ ಏನನ್ನೂ ಧರಿಸದೆ ಆ ಹೊಗೆಯನ್ನು ಉಸಿರಾಡುತ್ತ ನಿಲ್ಲುವುದುಂಟು. ಅಪಾಯವು ಕಾಲಿಡುವುದು ಇಂತಹ ಸಲುಗೆಯಲ್ಲಿಯೇ.

ಹೊಗೆಯಲ್ಲಿ ಏನಿದೆ?

ಕಟ್ಟಿಗೆಯ ಒಲೆಯ ಹೊಗೆಯೂ ಒಳ್ಳೆಯದಲ್ಲ. ಆದರೆ ಇಂದಿನ ಮನೆ, ಅಂಗಡಿಗಳ ಬೆಂಕಿಯ ಹೊಗೆ ಅದಕ್ಕಿಂತ ಬಹಳ ವಿಷಮಯ. ಫೋಮಿನ ಹಾಸಿಗೆ, ಸೋಫಾ, ನೈಲಾನ್ ಬಟ್ಟೆ, ವಿದ್ಯುತ್ ತಂತಿಯ ಹೊದಿಕೆ, ಬಣ್ಣ, ಪ್ಲಾಸ್ಟಿಕ್ ಇವೆಲ್ಲ ಒಟ್ಟಿಗೆ ಉರಿಯುತ್ತವೆ.

ಇದರಲ್ಲಿ ತಕ್ಷಣ ಕೊಲ್ಲಬಲ್ಲ ಅನಿಲಗಳು ಎರಡು. ಮೊದಲನೆಯದು ಕಾರ್ಬನ್ ಮೊನಾಕ್ಸೈಡ್. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಮೆದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ತಲೆನೋವು, ವಾಕರಿಕೆ, ಮಂಪರು ಇದರ ಲಕ್ಷಣಗಳು. ಎರಡನೆಯದು ಹೈಡ್ರೋಜನ್ ಸಯನೈಡ್. ಫೋಮು, ನೈಲಾನು, ಉಣ್ಣೆಗಳು ಸುಟ್ಟಾಗ ಹುಟ್ಟುವ ವಿಷ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಸಾಧಾರಣ ಆಕ್ಸಿಮೀಟರು ಕಾರ್ಬನ್ ಮೊನಾಕ್ಸೈಡನ್ನು ಬೇರ್ಪಡಿಸಿ ತೋರಿಸಲಾರದು. ರಕ್ತದಲ್ಲಿ ವಿಷ ತುಂಬಿದ್ದರೂ ಅದು 98 ಎಂದು ತೋರಿಸಬಹುದು. ಹೊಗೆ ಕುಡಿದವರಿಗೆ ತಲೆನೋವು, ಮಂಪರು ಇದ್ದಲ್ಲಿ ಆ ಅಂಕಿಯನ್ನು ನಂಬಿ ಮನೆಯಲ್ಲಿ ಕೂರಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಮಾತು ಅಗ್ನಿಶಾಮಕರಿಗಷ್ಟೇ ಅಲ್ಲ, ನಮಗೆಲ್ಲರಿಗೂ ಅನ್ವಯಿಸುತ್ತದೆ.

ನಿಧಾನವಾಗಿ ಹಾನಿ ಮಾಡುವ ಪದಾರ್ಥಗಳು ಬೇರೆ. ಬೆನ್ಜೀನ್, ಮಸಿಯಲ್ಲಿ ಅಂಟಿರುವ ರಾಸಾಯನಿಕಗಳು, ಹಳೆಯ ಸಿಮೆಂಟ್ ಶೀಟುಗಳು ಬೆಂಕಿಯಲ್ಲಿ ಸಿಡಿದಾಗ ಹಾರುವ ಕಲ್ನಾರಿನ ಸೂಕ್ಷ್ಮ ಎಳೆಗಳು ಈ ಬಗೆಯವು. ಇವು ಮೂಗಿನಿಂದ ಮಾತ್ರವಲ್ಲ, ಬೆವರಿದ ಚರ್ಮದ ಮೂಲಕವೂ, ಕೈ ತೊಳೆಯದೆ ತಿಂದ ತುತ್ತಿನ ಮೂಲಕವೂ ದೇಹವನ್ನು ಸೇರಬಲ್ಲವು. ಮಸಿಯ ಗುಣ ವೈದ್ಯಲೋಕಕ್ಕೆ ಹೊಸದಲ್ಲ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬುವರು 1775ರಲ್ಲಿಯೇ ಹೊಗೆಗೂಡು ಗುಡಿಸುತ್ತಿದ್ದವರ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಗುರುತಿಸಿದ್ದರು.

ವಿಶ್ವ ಆರೋಗ್ಯ ಸಂಸ್ಥೆಯ ತೀರ್ಮಾನ

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ತಜ್ಞರ ಸಭೆ ನಡೆಸಿತು. ಎಂಟು ದೇಶಗಳ 25 ವಿಜ್ಞಾನಿಗಳು ಅದುವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಅಗ್ನಿಶಾಮಕ ವೃತ್ತಿಯಲ್ಲಿ ಎದುರಾಗುವ ಸಂಪರ್ಕವನ್ನು ಮೊದಲನೆಯ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಖಚಿತವಾದ ಗುಂಪಿಗೆ ಸೇರಿಸಿದರು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಶ್ವಾಸಕೋಶದ ಹೊದಿಕೆಯಲ್ಲಿ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರಿಗೂ ಮೂತ್ರಕೋಶದ ಕ್ಯಾನ್ಸರಿಗೂ ಸಾಕಷ್ಟು ಸಾಕ್ಷ್ಯ ದೊರೆತಿದೆ. ದೊಡ್ಡ ಕರುಳು, ಪ್ರಾಸ್ಟೇಟ್ ಗ್ರಂಥಿ, ವೃಷಣ ಮೊದಲಾದವುಗಳ ಕ್ಯಾನ್ಸರಿಗೆ ಸಾಕ್ಷ್ಯವಿದ್ದರೂ ಅಷ್ಟು ಬಲವಾಗಿಲ್ಲ.

ಇದನ್ನು ಓದಿ ಯಾರೂ ಕಂಗೆಡಬೇಕಾಗಿಲ್ಲ. ಈ ವೃತ್ತಿಯವರೆಲ್ಲರಿಗೂ ಕ್ಯಾನ್ಸರ್ ಬರುತ್ತದೆ ಎಂಬುದು ಇದರ ಅರ್ಥವಲ್ಲ. ವೃತ್ತಿಯಿಂದ ಅಪಾಯ ಹೆಚ್ಚುತ್ತದೆ, ಆದ್ದರಿಂದ ಮುಂಜಾಗ್ರತೆ ಬೇಕು ಎಂಬುದಷ್ಟೇ ಇದರ ತಾತ್ಪರ್ಯ.

ಆದರೆ ಕಾಲದ ಲೆಕ್ಕವನ್ನು ಮರೆಯಬಾರದು. ಕಲ್ನಾರಿನಿಂದ ಬರುವ ಕ್ಯಾನ್ಸರು ಸಾಮಾನ್ಯವಾಗಿ ಮೂವತ್ತು, ನಲವತ್ತು ವರ್ಷಗಳ ಬಳಿಕ ತಲೆಯೆತ್ತುತ್ತದೆ. ಇಪ್ಪತ್ತೈದರ ಹರೆಯದಲ್ಲಿ ಒಳಗೆ ಹೋದ ಎಳೆ ಅರವತ್ತು ದಾಟಿದ ಮೇಲೆ ಲೆಕ್ಕ ಕೇಳುತ್ತದೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದಾಗ ಅಲ್ಲಿಯ ಅಗ್ನಿಶಾಮಕ ಇಲಾಖೆಯ 343 ಮಂದಿ ಮಡಿದರು. ಅಂದಿನ ಧೂಳು, ಹೊಗೆಗಳಿಂದ ಕಾಯಿಲೆ ಬಿದ್ದು ತೀರಿಕೊಂಡ ಅದೇ ಇಲಾಖೆಯ ಸಿಬ್ಬಂದಿಯ ಸಂಖ್ಯೆಯೂ 2023ರ ಸೆಪ್ಟೆಂಬರಿನಲ್ಲಿ 343ಕ್ಕೆ ಮುಟ್ಟಿತು. ಒಂದು ದಿನದಲ್ಲಿ ಆದ ಹಾನಿಯಷ್ಟೇ ಹಾನಿ ಮುಂದಿನ 22 ವರ್ಷಗಳಲ್ಲಿ ಸದ್ದಿಲ್ಲದೆ ಆಯಿತು.

ಹೃದಯದ ಮೇಲಿನ ಭಾರ

ಕರ್ತವ್ಯದ ವೇಳೆಯಲ್ಲಿ ಅಗ್ನಿಶಾಮಕರನ್ನು ಬಲಿ ತೆಗೆದುಕೊಳ್ಳುವುದು ಉರಿಗಿಂತ ಹೆಚ್ಚಾಗಿ ಹೃದಯಾಘಾತ ಎಂದರೆ ಅಚ್ಚರಿಯಾಗಬಹುದು. 1994ರಿಂದ 2004ರವರೆಗೆ ಅಮೆರಿಕದಲ್ಲಿ ಕರ್ತವ್ಯದಲ್ಲಿದ್ದಾಗ ಮೃತಪಟ್ಟ ಅಗ್ನಿಶಾಮಕರನ್ನು ಕುರಿತ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಆ ಮರಣಗಳಲ್ಲಿ ಶೇಕಡಾ 45ರಷ್ಟಕ್ಕೆ ಹೃದ್ರೋಗವೇ ಕಾರಣ. ಬೆಂಕಿ ನಂದಿಸುವುದಕ್ಕೆ ಅವರ ಕರ್ತವ್ಯದ ಕಾಲದಲ್ಲಿ ಹಿಡಿಯುತ್ತಿದ್ದುದು ಶೇಕಡಾ 1ರಿಂದ 5ರಷ್ಟು ಮಾತ್ರ. ಆದರೂ ಹೃದ್ರೋಗದ ಸಾವುಗಳಲ್ಲಿ ಮೂರನೆಯ ಒಂದು ಭಾಗದಷ್ಟು ಸಂಭವಿಸಿದ್ದು ಆ ಅಲ್ಪ ಅವಧಿಯಲ್ಲಿಯೇ.

ಕಾರಣ ಸ್ಪಷ್ಟ. ಮಲಗಿದ್ದವನು ಗಂಟೆಯ ಸದ್ದಿಗೆ ಮೇಲೆದ್ದು ಓಡುತ್ತಾನೆ. ನಾಡಿ ಒಮ್ಮೆಲೇ ಏರುತ್ತದೆ. ಭಾರವಾದ ಉಡುಪು, ಬೆನ್ನಿನ ಮೇಲೆ ಉಸಿರಾಟದ ಸಿಲಿಂಡರು, ಸುತ್ತ ಬೆಂಕಿಯ ಕಾವು. ಬೆವರಿನಲ್ಲಿ ನೀರು ಹರಿದುಹೋಗಿ ರಕ್ತ ದಪ್ಪವಾಗುತ್ತದೆ, ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದೆ. ಮೊದಲೇ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕಿನ ಚಟ ಇದ್ದವರಿಗೆ ಅದೇ ಕೊನೆಯ ಪೆಟ್ಟಾಗಬಹುದು. ಸೇವೆಗೆ ಸೇರುವಾಗ ನಡೆದ ದೇಹದಾರ್ಢ್ಯ ಪರೀಕ್ಷೆ ಜೀವಮಾನದ ಪ್ರಮಾಣಪತ್ರವಲ್ಲ. ನಲವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಅಂಶ, ಹೃದಯದ ಇಸಿಜಿ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು ಒಳಿತು. ಬೀಡಿ, ಸಿಗರೇಟು, ಗುಟ್ಕಾಗಳು ಈ ವೃತ್ತಿಯವರಿಗೆ ಎರಡರಷ್ಟು ಶತ್ರುಗಳು.

ನಿದ್ರೆ ಮತ್ತು ಮನಸ್ಸು

ರಾತ್ರಿ ಪಾಳಿಯಲ್ಲಿ ಮಲಗಿದರೂ ಕಿವಿ ಮಾತ್ರ ಎಚ್ಚರವಾಗಿರುತ್ತದೆ. ವರ್ಷಗಟ್ಟಲೆ ಹೀಗೆ ನಿದ್ರೆ ಕೆಟ್ಟರೆ ರಕ್ತದೊತ್ತಡ, ಬೊಜ್ಜು, ಸಿಡುಕುತನ ಜೊತೆಗೂಡುತ್ತವೆ. ಪಾಳಿ ಮುಗಿಸಿ ಬಂದವರನ್ನು ಹಗಲಿನಲ್ಲಿ ನೆಮ್ಮದಿಯಾಗಿ ಮಲಗಲು ಬಿಡುವುದು ಮನೆಯವರು ಕೊಡಬಹುದಾದ ದೊಡ್ಡ ಔಷಧ.

ಮನಸ್ಸಿನ ಗಾಯ ಇನ್ನೂ ಆಳವಾದುದು. ಸುಟ್ಟ ದೇಹ, ಬಾವಿಯಿಂದ ತೆಗೆದ ಮಗು, ಎಷ್ಟು ಪ್ರಯತ್ನಿಸಿದರೂ ಉಳಿಯದ ಜೀವ ಇವನ್ನು ಕಂಡವರು ಮನೆಗೆ ಬಂದು ಏನನ್ನೂ ಹೇಳುವುದಿಲ್ಲ. ‘ಗಂಡಸು ಇದಕ್ಕೆಲ್ಲ ಅಳಬಾರದು’ ಎಂದು ನಾವೇ ಕಲಿಸಿರುತ್ತೇವೆ. ಅದೇ ದೃಶ್ಯ ಕನಸಿನಲ್ಲಿ ಮರಳಿ ಮರಳಿ ಬರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಮಾತು ಕಡಿಮೆಯಾಗುವುದು, ಕುಡಿತದ ಕಡೆಗೆ ವಾಲುವುದು ಹೀಗೆ ಒಂದು ತಿಂಗಳಿಗೂ ಮಿಕ್ಕಿ ನಡೆದರೆ ಅದು ದೌರ್ಬಲ್ಯವಲ್ಲ, ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯ ಬಾಗಿಲಲ್ಲಿ

ಮಸಿ ಮೆತ್ತಿದ ಉಡುಪು ಶೌರ್ಯದ ಗುರುತೆಂದು ಬಹುಕಾಲ ಎಲ್ಲ ದೇಶಗಳಲ್ಲಿಯೂ ಭಾವಿಸುತ್ತಿದ್ದರು. ಸ್ವೀಡನ್ ದೇಶದ ಶೆಲೆಫ್ಟಿಯೋ ಎಂಬ ಊರಿನ ಅಗ್ನಿಶಾಮಕರು ಈ ಭಾವನೆಯನ್ನು ಬದಲಿಸಿದರು. ಮಸಿ ಹಿಡಿದ ಉಡುಪನ್ನು ಸ್ಥಳದಲ್ಲಿಯೇ ಕಳಚಿ, ಮುಚ್ಚಿದ ಚೀಲದಲ್ಲಿ ಹಾಕಿ, ತಾವು ಕೂರುವ ಜಾಗದಿಂದ ದೂರವಿಟ್ಟು ಒಯ್ಯುವ ಕ್ರಮವನ್ನು ಅವರು ರೂಢಿಸಿಕೊಂಡರು. ಕೊಳೆಯಾದುದೂ ಶುಭ್ರವಾದುದೂ ಎಲ್ಲಿಯೂ ಬೆರೆಯಬಾರದು ಎಂಬುದೇ ಅದರ ಸಾರ.

ನಮ್ಮ ಮನೆಗಳಲ್ಲಿಯೂ ಇದನ್ನು ಅನುಸರಿಸಲು ಹೆಚ್ಚಿನ ಖರ್ಚಿಲ್ಲ. ಬೆಂಕಿಯ ಸ್ಥಳದಲ್ಲಿಯೇ ಮುಖ, ಕುತ್ತಿಗೆ, ಕೈಗಳನ್ನು ತೊಳೆದುಕೊಳ್ಳಬೇಕು. ಅದಕ್ಕೆ ಮುನ್ನ ನೀರನ್ನುಳಿದು ಬೇರೇನನ್ನೂ ಬಾಯಿಗೆ ಹಾಕಬಾರದು. ಸಾಧ್ಯವಾದಷ್ಟು ಬೇಗ ಸಾಬೂನು ಹಚ್ಚಿ ಮೀಯಬೇಕು. ಹೊಗೆ ಹಿಡಿದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ನೆನೆಸದೆ ಬೇರೆ ಬಕೆಟ್ಟಿನಲ್ಲಿ ಒಗೆಯಬೇಕು. ಕರ್ತವ್ಯದಿಂದ ಬಂದ ತಂದೆಯ ಕೊರಳಿಗೆ ಮಗು ಜೋತುಬೀಳುವುದು ಸ್ನಾನದ ಬಳಿಕವಾಗಲಿ.

ನಿವೃತ್ತಿಯ ನಂತರ

ಅರವತ್ತಕ್ಕೆ ಸೇವೆ ಮುಗಿಯುತ್ತದೆ. ಅಂದಿನಿಂದ ಗಂಟೆಯ ಸದ್ದಿಲ್ಲ, ಜೊತೆಗಾರರ ಗುಂಪಿಲ್ಲ. ಅಪಾಯ ಹೆಚ್ಚುವ ವಯಸ್ಸಿನಲ್ಲಿಯೇ ಇಲಾಖೆಯ ನಂಟೂ ಸಡಿಲವಾಗುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ‘ನಿವೃತ್ತ ಸರ್ಕಾರಿ ನೌಕರ’ ಎಂದಷ್ಟೇ ಬರೆಸುತ್ತಾರೆ. ಆ ಮೂರು ಪದಗಳಲ್ಲಿ ಮೂವತ್ತು ವರ್ಷಗಳ ಹೊಗೆ ಮರೆಯಾಗಿ ಹೋಗುತ್ತದೆ.

ಆದುದರಿಂದ ನಾವು ವಿನಂತಿಸುವುದು ಇಷ್ಟೇ. ಯಾವ ವೈದ್ಯರ ಬಳಿಗೆ ಹೋದರೂ ‘ನಾನು ಇಷ್ಟು ವರ್ಷ ಅಗ್ನಿಶಾಮಕನಾಗಿದ್ದೆ’ ಎಂದು ಮೊದಲೇ ತಿಳಿಸಿರಿ, ಕಡತದಲ್ಲಿ ಬರೆಸಿರಿ. ಸಂಕೋಚದಿಂದ ಅವರು ಹೇಳದಿದ್ದರೆ ಜೊತೆಗೆ ಹೋದ ಮಗನೋ ಸೊಸೆಯೋ ಹೇಳಲಿ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲವೆಂದು ಸುಮ್ಮನಿರಬೇಡಿರಿ. ಮೂತ್ರಕೋಶದ ಕ್ಯಾನ್ಸರಿನ ಮೊದಲ ಸುಳಿವು ಹೆಚ್ಚಾಗಿ ನೋವಿಲ್ಲದ ರಕ್ತವೇ. ಮೂರು ವಾರ ಮೀರಿದ ಕೆಮ್ಮು, ಏದುಸಿರು, ಎದೆಯಲ್ಲಿ ಒತ್ತಿದಂತಾಗುವುದು, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಇವಕ್ಕೂ ತಡಮಾಡದೆ ತಪಾಸಣೆ ಬೇಕು. ಬೇಗ ಗುರುತಿಸಿದರೆ ಇವುಗಳಲ್ಲಿ ಅನೇಕ ಕಾಯಿಲೆಗಳಿಗೆ ಒಳ್ಳೆಯ ಚಿಕಿತ್ಸೆ ಉಂಟು.

ನಿವೃತ್ತರ ಮನಸ್ಸಿಗೆ ಬೇಕಾದುದು ಬಿಡುವಲ್ಲ, ಬಳಕೆ. ಕಾರ್ಖಾನೆ, ಆಸ್ಪತ್ರೆ, ಶಾಲೆಗಳಿಗೆ ಅಗ್ನಿ ಸುರಕ್ಷತೆಯ ಸಲಹೆಗಾರರು ಬೇಕಾಗಿದ್ದಾರೆ. ನಮ್ಮ ಜಾತ್ರೆಗಳಲ್ಲಿ ಸಾವಿರಾರು ಜನರಿಗೆ ದಾಸೋಹದ ಅಡುಗೆ ನಡೆಯುತ್ತದೆ. ಗ್ಯಾಸ್ ಸಿಲಿಂಡರುಗಳು ಎಲ್ಲಿರಬೇಕು, ಚಪ್ಪರಕ್ಕೂ ಒಲೆಗೂ ಎಷ್ಟು ಅಂತರ ಬೇಕು, ನೂಕುನುಗ್ಗಲಾದರೆ ಜನ ಯಾವ ಕಡೆಯಿಂದ ಹೊರಹೋಗಬೇಕು ಎಂಬುದನ್ನು ಒಬ್ಬ ನಿವೃತ್ತ ಅಗ್ನಿಶಾಮಕರು ಒಂದು ಸುತ್ತು ಹಾಕಿ ಹೇಳಬಲ್ಲರು. ನಿಮ್ಮ ಊರಿನಲ್ಲಿ ಅಂಥವರಿದ್ದರೆ ಮುಂದಿನ ಜಾತ್ರೆಯ ಸಿದ್ಧತೆಯ ಸಭೆಗೆ ಅವರನ್ನು ಆದರದಿಂದ ಬರಮಾಡಿಕೊಳ್ಳಿರಿ. ಸಭೆ ಮುಗಿದ ಮೇಲೆ, ‘ಈ ವರ್ಷದ ತಪಾಸಣೆ ಮಾಡಿಸಿಕೊಂಡಿರಾ?’ ಎಂದೂ ಕೇಳಿರಿ.