ನಿಮಗಿದು ಗೊತ್ತೇ? ಕಣ್ಣುಮುಚ್ಚಿ ನಡೆದ ಕುದುರೆಗೂ ಲೆಕ್ಕವುಂಟು

ಚದುರಂಗದ ಮಣೆಯ ಮೂಲೆಯಲ್ಲಿ ಒಂದೇ ಒಂದು ಕುದುರೆ ಇಡಿ. ಬೇರೆ ಕಾಯಿ ಬೇಡ. ಅದು ಹೋಗಬಹುದಾದ ಮನೆಗಳಲ್ಲಿ ಒಂದನ್ನು ಪ್ರತಿ ಸಲವೂ ಚೀಟಿ ಎತ್ತಿ ಆರಿಸಿ, ನಡೆಸುತ್ತ ಹೋಗಿ. ಹೊರಟ ಮೂಲೆಗೆ ಮರಳಲು ಸರಾಸರಿ ಎಷ್ಟು ನಡೆ ಬೇಕು? ಸರಿಯಾಗಿ 168! ಕಂಪ್ಯೂಟರ್ ಬೇಕಿಲ್ಲ. ಒಂದೊಂದು ಮನೆಯಿಂದಲೂ ಕುದುರೆಗೆ ಎಷ್ಟು ದಾರಿ ಎಂದು ಎಣಿಸಿ: ಮೂಲೆಯಲ್ಲಿ 2, ನಟ್ಟನಡುವಿನ 16 ಮನೆಗಳಲ್ಲಿ ತಲಾ 8. ಹೀಗೆ 64 ಮನೆಗಳದ್ದೂ ಕೂಡಿದರೆ 336. ಅದನ್ನು ಮೂಲೆಯ 2ರಿಂದ ಭಾಗಿಸಿದರೆ ಮುಗಿಯಿತು. ನಡುಮನೆಯಿಂದ ಹೊರಟರೆ? 336ನ್ನು 8ರಿಂದ ಭಾಗಿಸಿ, 42. ಮನೆಗಳೆಂಬ ಬಿಂದುಗಳು, ಅವನ್ನು ಕೂಡಿಸುವ ನಡೆಗಳೆಂಬ ಗೆರೆಗಳು, ಅಂದರೆ ಗ್ರಾಫ್. ಅದರ ಮೇಲಿನ ಸಂಭವನೀಯತೆಯನ್ನು ಕಲಿಯಲು ಇದಕ್ಕಿಂತ ಚೆಂದದ ಮೊದಲ ಲೆಕ್ಕ ನನಗೆ ಕಂಡಿಲ್ಲ.

1905ರಲ್ಲಿ ಕಾರ್ಲ್ ಪಿಯರ್ಸನ್ ಗೊತ್ತುಗುರಿಯಿಲ್ಲದ ನಡಿಗೆಯ ಒಂದು ಪ್ರಶ್ನೆಯನ್ನು ‘ನೇಚರ್’ ಪತ್ರಿಕೆಗೆ ಬರೆದು ಓದುಗರ ನೆರವು ಕೇಳಿದರು. ಲಾರ್ಡ್ ರ್ಯಾಲೆ ಉತ್ತರ ಕೊಟ್ಟರು. ಧ್ವನಿಕಂಪನಗಳ ಅಧ್ಯಯನದಲ್ಲಿ 1880ರಲ್ಲೇ ಅವರು ಅದನ್ನು ಬಿಡಿಸಿದ್ದರು.

ಕೊನೆಯೇ ಇಲ್ಲದ ಚೌಕಟ್ಟು ಬೀದಿಗಳ ಊರಿನಲ್ಲಿ ಪ್ರತಿ ಅಡ್ಡರಸ್ತೆಯಲ್ಲೂ ದಿಕ್ಕನ್ನು ಅದೃಷ್ಟಕ್ಕೆ ಬಿಟ್ಟು ನಡೆದರೂ ಒಂದಲ್ಲ ಒಂದು ದಿನ ಹೊರಟಲ್ಲಿಗೇ ಬಂದು ಸೇರುತ್ತೀರಿ, ಖಂಡಿತ. ಮೇಲೆ-ಕೆಳಗೆ ಎಂಬ ಮೂರನೆಯ ಆಯಾಮ ಸೇರಿಸಿದಿರೋ, ಮರಳುವ ಸಂಭವ ಸುಮಾರು ಶೇ. 34ಕ್ಕೆ ಕುಸಿಯುತ್ತದೆ. ಎರಡು ಆಯಾಮಕ್ಕೂ ಮೂರಕ್ಕೂ ನಡುವೆ ಇಷ್ಟು ದೊಡ್ಡ ಕಂದಕವಿದೆ ಎಂದು 1921ರಲ್ಲಿ ತೋರಿಸಿದವರು ಜಾರ್ಜ್ ಪೋಲ್ಯಾ.

ಈ ನಡಿಗೆಗೂ ಕರೆಂಟಿಗೂ ನಂಟಿದೆ! ಪ್ರತಿ ಗೆರೆಯನ್ನೂ 1 ಓಮ್ ರೆಸಿಸ್ಟರ್ ಎಂದುಕೊಳ್ಳಿ. ಒಂದು ಬಿಂದುವಿಗೆ 1 ವೋಲ್ಟ್ ಕೊಟ್ಟು ಇನ್ನೊಂದನ್ನು ಅರ್ಥ್ ಮಾಡಿ. ನಡುವೆ ಎಲ್ಲಿ ಅಳೆದರೂ ಸಿಗುವ ವೋಲ್ಟೇಜೇ, ಅಲ್ಲಿಂದ ಹೊರಟವನು ಎರಡನೆಯದನ್ನು ಮುಟ್ಟುವ ಮುಂಚೆ ಮೊದಲನೆಯದನ್ನು ತಲುಪುವ ಸಂಭವ. ಪೋಲ್ಯಾ ಕಂಡ ಕಂದಕಕ್ಕೂ ಇಲ್ಲೇ ಉತ್ತರ: ಅನಂತದವರೆಗಿನ ವಿದ್ಯುತ್ ತಡೆ ಎರಡು ಆಯಾಮದಲ್ಲಿ ಅಪರಿಮಿತ, ಮೂರರಲ್ಲಿ ಪರಿಮಿತ. ಪೀಟರ್ ಡಾಯ್ಲ್ ಮತ್ತು ಲಾರಿ ಸ್ನೆಲ್ 1984ರಲ್ಲಿ ಇದರ ಮೇಲೇ ಒಂದು ಪುಟ್ಟ ಪುಸ್ತಕ ಬರೆದರು. ಪಿಯುಸಿಯ ಓಮ್ ನಿಯಮ ನೆನಪಿದ್ದವರಿಗೂ ಅದರ ಬಹುಭಾಗ ದಕ್ಕುತ್ತದೆ.

52 ಇಸ್ಪೀಟೆಲೆಗಳನ್ನು ಕಲಸುವುದೂ ಗ್ರಾಫಿನ ಮೇಲಿನ ನಡಿಗೆಯೇ. ಎಲೆಗಳ ಒಂದೊಂದು ಜೋಡಣೆಯೂ ಒಂದು ಬಿಂದು. ಒಟ್ಟು ಬಿಂದುಗಳ ಸಂಖ್ಯೆಯಲ್ಲಿ 68 ಅಂಕಿಗಳಿವೆ. ಆದರೂ ಕಟ್ಟನ್ನು ಎರಡು ಪಾಲು ಮಾಡಿ ಒಂದರೊಳಗೊಂದು ಸೇರಿಸುತ್ತ ಏಳು ಸಲ ಕಲಸಿದರೆ ಸಾಕು ಎಂದು ಡೇವ್ ಬೇಯರ್, ಪರ್ಸಿ ಡಯಾಕೊನಿಸ್ 1992ರಲ್ಲಿ ಸಾಧಿಸಿದರು.

ಲಕ್ಷಾಂತರ ಬಿಂದುಗಳ ನಡುವೆ ಮನಬಂದಂತೆ ಗೆರೆ ಎಳೆಯಿರಿ. ಬಿಂದುವೊಂದಕ್ಕೆ ಸರಾಸರಿ ಒಂದು ಗೆರೆಗಿಂತ ಕಡಿಮೆಯಿದ್ದರೆ ಎಲ್ಲವೂ ಚೂರುಚೂರು. ಒಂದನ್ನು ದಾಟಿತೋ, ದೈತ್ಯ ಗುಂಪೊಂದು ಎದ್ದು ಬರುತ್ತದೆ. ಸರಾಸರಿ ಎರಡಾದಾಗ ಸುಮಾರು ಶೇ. 80 ಬಿಂದುಗಳು ಅದರೊಳಗೇ! ಪಾಲ್ ಏರ್ಡಿಶ್ ಮತ್ತು ಆಲ್‌ಫ್ರೆಡ್ ರೇನಿ 1960ರಲ್ಲಿ ಪ್ರಕಟಿಸಿದ ಫಲಿತಾಂಶವಿದು. ಇಂಥ ಗ್ರಾಫ್‌ಗಳಲ್ಲಿ ತೀರಾ ಅಪರೂಪದ ಘಟನೆಗಳು ಹೇಗೆ ಸಂಭವಿಸುತ್ತವೆ ಎಂಬ ಸಿದ್ಧಾಂತವನ್ನು 2011ರಲ್ಲಿ ಕೊಟ್ಟವರು ಸೌರವ್ ಚಟರ್ಜಿ ಮತ್ತು ಎಸ್. ಆರ್. ಶ್ರೀನಿವಾಸ ವರದನ್. ಇಬ್ಬರೂ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಓದಿದವರು. ವರದನ್‌ರಿಗೆ 2007ರ ಏಬೆಲ್ ಪ್ರಶಸ್ತಿ ಸಂದಿದೆ.



ಗ್ರಾಫಿನ ಗೆರೆಗಳನ್ನು ಕೊಳವೆಗಳ ಜಾಲರಿ ಎಂದುಕೊಳ್ಳಿ. ಪ್ರತಿ ಕೊಳವೆಯೂ ನಾಣ್ಯ ಚಿಮ್ಮಿದಂತೆ ತೆರೆದಿರುತ್ತದೆ, ಇಲ್ಲವೇ ಮುಚ್ಚಿರುತ್ತದೆ. ನೀರು ಅನಂತದವರೆಗೆ ಹರಿದೀತೇ? ಬ್ರಾಡ್‌ಬೆಂಟ್, ಹ್ಯಾಮರ್ಸ್ಲೆ 1957ರಲ್ಲಿ ಕೇಳಿದ ಪ್ರಶ್ನೆ. ಚೌಕಜಾಲರಿಯಲ್ಲಿ ಕೊಳವೆ ತೆರೆದಿರುವ ಸಂಭವದ ಗಡಿ ಸರಿಯಾಗಿ ಅರ್ಧ, ಅದನ್ನು ದಾಟಿದರೆ ನೀರು ಹರಿಯುತ್ತದೆ ಎಂದು ಹ್ಯಾರಿ ಕೆಸ್ಟನ್ ಸಾಧಿಸಿದ್ದು 1980ರಲ್ಲಿ. ಸರಿಯಾಗಿ ಆ ಗಡಿಯಲ್ಲೇ ನಿಂತರೆ ನೀರು ಅನಂತಕ್ಕೆ ಹೋಗದು. 11 ಮತ್ತು ಅದಕ್ಕೂ ಹೆಚ್ಚಿನ ಆಯಾಮಗಳಲ್ಲೂ ಹಾಗೆಯೇ ಎಂಬ ಸಾಧನೆ 2017ರದು. ಆದರೆ ನಾವು ಬದುಕುವ ಮೂರು ಆಯಾಮದ ಜಾಲರಿಗೆ ಇನ್ನೂ ಸಾಧನೆ ಸಿಕ್ಕಿಲ್ಲ.