ಮೀಸೆಗೂ ಒಂದು ಲಿಂಗ

ಹಿಂದಿ ಕಲಿಯಲು ಹೊರಟ ಕನ್ನಡದ ಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಲಿಂಗ. ಮನೆ ಪುಲ್ಲಿಂಗ, ಮೇಜು ಸ್ತ್ರೀಲಿಂಗ. ಗಂಡಸಿನ ಹೆಗ್ಗುರುತೆಂದು ನಾವು ತಿಳಿದಿರುವ ಮೀಸೆ ಆ ಭಾಷೆಯಲ್ಲಿ ಸ್ತ್ರೀಲಿಂಗ, ಗಡ್ಡವೂ ಸ್ತ್ರೀಲಿಂಗ. ಲಾಠಿ ಹಿಡಿದ ಪೊಲೀಸು, ಗಡಿ ಕಾಯುವ ಸೇನೆ ಎರಡೂ ಸ್ತ್ರೀಲಿಂಗವೇ. "ಏಕೆ ಸಾರ್?" ಎಂದು ಕೇಳಿದರೆ ಹಿಂದಿ ಮೇಷ್ಟ್ರು "ಬಾಯಿಪಾಠ ಮಾಡು" ಎನ್ನುತ್ತಾರೆ. ಅವರು ಹೇಳುವುದು ಸರಿಯಾಗಿಯೇ ಇದೆ. ಇಲ್ಲಿ ಕಾರಣ ಹುಡುಕಿ ಪ್ರಯೋಜನವಿಲ್ಲ.

ಸಂಸ್ಕೃತದ ಕಥೆ ಇನ್ನೂ ಸ್ವಾರಸ್ಯ. ಹೆಂಡತಿ ಎಂಬ ಅರ್ಥಕ್ಕೆ ಅಲ್ಲಿ 'ಪತ್ನಿ' ಸ್ತ್ರೀಲಿಂಗ, 'ಕಳತ್ರ' ನಪುಂಸಕಲಿಂಗ, 'ದಾರಾ' ಪುಲ್ಲಿಂಗ. ಅದೂ ಸದಾ ಬಹುವಚನ! ಮನೆಯಲ್ಲಿರುವಾಕೆ ಒಬ್ಬಳೇ. ಜರ್ಮನ್ ಭಾಷೆಯಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ. ನೆರೆಯ ಫ್ರೆಂಚಿನಲ್ಲಿ ಇದು ತಿರುವುಮುರುವು.

ನಮ್ಮ ಕನ್ನಡ ಈ ಗೋಜಲಿನಿಂದ ಬಹುಮಟ್ಟಿಗೆ ಪಾರಾಗಿದೆ. ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕಲಿಂಗ. ಅರ್ಥವನ್ನೇ ಹಿಡಿದು ಹೋಗುವ ವ್ಯವಸ್ಥೆ. ಆದರೂ ಹೈಸ್ಕೂಲಿನ ವ್ಯಾಕರಣ ಪುಸ್ತಕವನ್ನು ಇನ್ನೊಮ್ಮೆ ತೆರೆದು ನೋಡಿ. 'ಮಗು', 'ಕೂಸು', 'ಶಿಶು' ನಿತ್ಯನಪುಂಸಕಲಿಂಗಗಳು. ಹುಟ್ಟಿದ ಗಳಿಗೆಯಲ್ಲೇ ಸೂಲಗಿತ್ತಿ ಗಂಡೋ ಹೆಣ್ಣೋ ಎಂದು ಕೂಗಿ ಹೇಳಿದ್ದರೂ ಮಗು 'ಅತ್ತಿತು', 'ನಕ್ಕಿತು'. 'ಹುಡುಗಿ ಬಂದಳು', 'ಹುಡುಗಿ ಬಂದಿತು' ಎರಡೂ ಸರಿ ಎಂದು ಅದೇ ಪುಸ್ತಕ ಹೇಳುತ್ತದೆ. ಹವ್ಯಕರ ಮನೆಮಾತಿನಲ್ಲಿ ಅಕ್ಕ 'ಬಂತು'. ಅಕ್ಕನನ್ನು ಅವರು ವಸ್ತುವೆಂದು ಬಗೆದಿದ್ದಾರೆಂದು ಯಾರೂ ಹೇಳಲಾರರು. ಇತ್ತ ಹಸುವೂ 'ಬಂತು', ಎತ್ತೂ 'ಬಂತು'. ಹಾಲು ಕೊಡುವುದು ಯಾವುದೆಂದು ಮಾತ್ರ ಎಲ್ಲರಿಗೂ ಗೊತ್ತು.

ಇಷ್ಟನ್ನು ಹೇಳಲು ಕಾರಣವಿದೆ. 'ಲಿಂಗ' ಎಂಬ ಒಂದೇ ಪದದಿಂದ ನಾವು ಮೂರು ಕೆಲಸ ಮಾಡಿಸುತ್ತಿದ್ದೇವೆ. ಮೊದಲನೆಯದು ಈಗ ನೋಡಿದ ವ್ಯಾಕರಣದ ಲಿಂಗ. ಎರಡನೆಯದು ದೇಹದ ಲಿಂಗ, ಇಂಗ್ಲಿಷಿನ 'ಸೆಕ್ಸ್'. ಮೂರನೆಯದು ಗಂಡು ಹೀಗಿರಬೇಕು, ಹೆಣ್ಣು ಹಾಗಿರಬೇಕು ಎಂದು ಸಮಾಜ ಹೊಲಿದು ತೊಡಿಸಿದ್ದು, ಮತ್ತು ತಾನು ಯಾರೆಂದು ಮನುಷ್ಯರಿಗೆ ಒಳಗಿನಿಂದ ಅನ್ನಿಸುವುದು. ಇದು ಇಂಗ್ಲಿಷಿನ 'ಜೆಂಡರ್'. ಭಾಷೆಯಲ್ಲಿ ಎಲ್ಲರೂ ಒಳಗೊಳ್ಳಬೇಕು, ಯಾರೂ ಹೊರಗುಳಿಯಬಾರದು ಎಂಬ ಚರ್ಚೆ ಎಲ್ಲೆಡೆ ನಡೆಯುತ್ತಿರುವಾಗ ಈ ಮೂರೂ ಕಲಸಿಹೋಗಿ ಜಗಳ ಬೇಡದ ಕಡೆ ಹತ್ತಿಕೊಳ್ಳುತ್ತದೆ.

ದೇಹದ ಲಿಂಗ ನಮ್ಮ ವಿಜ್ಞಾನದ ಪಾಠ. 1905ರಲ್ಲಿ ಅಮೆರಿಕದ ವಿಜ್ಞಾನಿ ಸ್ಟೀವನ್ಸ್ ಅವರು ಹಿಟ್ಟಿನಲ್ಲಿ ಬೆಳೆಯುವ ಒಂದು ಬಗೆಯ ಹುಳುವಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಹೆಣ್ಣಿನಲ್ಲಿ 20 ದೊಡ್ಡ ವರ್ಣತಂತುಗಳಿದ್ದವು. ಗಂಡಿನಲ್ಲಿ 19 ದೊಡ್ಡವು, ಒಂದು ಚಿಕ್ಕದು. ಆ ಚಿಕ್ಕದೇ ನಾವು ಇಂದು ವೈ ಎಂದು ಕರೆಯುವ ವರ್ಣತಂತು. ಮನುಷ್ಯರಲ್ಲಿ ತಾಯಿ ಕೊಡುವುದು ಯಾವಾಗಲೂ ಎಕ್ಸ್. ತಂದೆಯಿಂದ ಬಂದದ್ದು ಎಕ್ಸ್ ಆದರೆ ಹೆಣ್ಣು, ವೈ ಆದರೆ ಗಂಡು. ನೂರು ವರ್ಷಕ್ಕೂ ಹಳೆಯದಾದ ಈ ಸಂಗತಿಯನ್ನು ಹತ್ತನೇ ತರಗತಿಯಲ್ಲಿ ಓದಿ ಪಾಸಾದವರ ಮನೆಗಳಲ್ಲೂ "ಬರೀ ಹೆಣ್ಣೇ ಹೆತ್ತಳು" ಎಂದು ಸೊಸೆಯನ್ನು ಮೂದಲಿಸುವುದು ನಿಂತಿಲ್ಲ.

ಪ್ರಕೃತಿಗೆ ಇದೊಂದೇ ದಾರಿಯಲ್ಲ. ಉತ್ತರ ಕನ್ನಡದ ಕಡಲತೀರದಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಆಮೆಗಳಲ್ಲಿ ಲಿಂಗವನ್ನು ನಿರ್ಧರಿಸುವುದು ಮರಳಿನ ಬಿಸಿ. ಗೂಡು ಬೆಚ್ಚಗಿದ್ದರೆ ಹೆಚ್ಚಿನ ಮರಿಗಳು ಹೆಣ್ಣು, ತಂಪಾಗಿದ್ದರೆ ಗಂಡು. ಕೋಳಿಯಲ್ಲಿ ಬೇರೆ ಬೇರೆ ಜೋಡಿ ವರ್ಣತಂತು ಇರುವುದು ಹೇಂಟೆಗೆ. ಮನುಷ್ಯರಲ್ಲೂ ಎಲ್ಲ ದೇಹಗಳೂ ಎರಡು ಪೆಟ್ಟಿಗೆಗಳಲ್ಲಿ ಅಚ್ಚುಕಟ್ಟಾಗಿ ಕೂರುವುದಿಲ್ಲ. ವರ್ಣತಂತು ಎಕ್ಸ್-ವೈ ಇದ್ದರೂ ಪುರುಷ ಹಾರ್ಮೋನಿಗೆ ಜೀವಕೋಶಗಳು ಸ್ಪಂದಿಸದ ಕಾರಣ ಹೆಣ್ಣಿನ ದೇಹದೊಂದಿಗೆ ಬೆಳೆಯುವವರು ಇದ್ದಾರೆ. ಅಪರೂಪ, ಆದರೆ ಇದ್ದಾರೆ.

ಆಮೆಗೆ ಸೆಕ್ಸ್ ಇದೆ. ಮೂರನೆಯ ಲಿಂಗ, ಅಂದರೆ ಜೆಂಡರ್, ಅದಕ್ಕೆ ಇಲ್ಲ. ಹೆಣ್ಣಾಮೆಗೆ ಸಂಜೆ ಆರರೊಳಗೆ ಮನೆ ಸೇರು ಎಂದು ಹೇಳುವವರಿಲ್ಲ. ಗಂಡಾಮೆ ಅತ್ತರೆ ನಗುವವರಿಲ್ಲ.

'ಜೆಂಡರ್' ಎಂಬ ಪದ ಇಂಗ್ಲಿಷಿನಲ್ಲಿ ಬಹುಕಾಲ ಮುಖ್ಯವಾಗಿ ವ್ಯಾಕರಣದ ಪದವಾಗಿತ್ತು. ಮೂಲ ಲ್ಯಾಟಿನ್ನಿನಲ್ಲಿ ಅದಕ್ಕೆ 'ಬಗೆ', 'ವರ್ಗ' ಎಂದಷ್ಟೇ ಅರ್ಥ. 1955ರಲ್ಲಿ ಜಾನ್ ಮನಿ ಎಂಬ ಮನಶ್ಶಾಸ್ತ್ರಜ್ಞರು 'ಜೆಂಡರ್ ಪಾತ್ರ' ಎಂಬ ಮಾತನ್ನು ವೈದ್ಯಕೀಯಕ್ಕೆ ತಂದರು. 1972ರಲ್ಲಿ ಆ್ಯನ್ ಓಕ್ಲಿ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞೆ ಸೆಕ್ಸ್ ಬೇರೆ, ಜೆಂಡರ್ ಬೇರೆ ಎಂದು ಪುಸ್ತಕವನ್ನೇ ಬರೆದರು. ಅಲ್ಲಿಂದ ಮುಂದೆ ಪದ ಕಾಲೇಜುಗಳಿಗೆ, ಕಾನೂನಿಗೆ, ಕೊನೆಗೆ ಅರ್ಜಿ ನಮೂನೆಗಳಿಗೆ ಇಳಿಯಿತು. (ನಮೂನೆಗಳಲ್ಲಿ 'ಸೆಕ್ಸ್' ಹೋಗಿ 'ಜೆಂಡರ್' ಬಂದದ್ದಕ್ಕೆ ತತ್ತ್ವಕ್ಕಿಂತ ಸಂಕೋಚವೇ ದೊಡ್ಡ ಕಾರಣ ಎಂದು ನನ್ನ ಅನುಮಾನ.)

ಹಾಗೆಂದು ಜೆಂಡರ್ ಎಂದರೆ ಹೊರಗಿನವರು ತೊಡಿಸಿದ ಅಂಗಿ ಮಾತ್ರ, ಬೇಕಾದಂತೆ ಬದಲಿಸಬಹುದು ಎಂದು ತಿಳಿಯುವುದೂ ತಪ್ಪು. ಮನಿ ಅವರೇ ಆ ತಪ್ಪು ಮಾಡಿದರು. ಕೆನಡಾದಲ್ಲಿ 1965ರಲ್ಲಿ ಹುಟ್ಟಿದ ಡೇವಿಡ್ ರೈಮರ್ ಎಂಬ ಗಂಡುಮಗುವಿಗೆ ಸಣ್ಣ ಶಸ್ತ್ರಚಿಕಿತ್ಸೆಯೊಂದರಲ್ಲಿ ಜನನಾಂಗಕ್ಕೆ ಗುಣಪಡಿಸಲಾಗದ ಗಾಯವಾಯಿತು. ಮನಿ ಸಲಹೆಯಂತೆ ತಂದೆತಾಯಿ ಮಗುವಿಗೆ ಹೆಣ್ಣಿನ ಹೆಸರಿಟ್ಟು, ಫ್ರಾಕು ತೊಡಿಸಿ ಬೆಳೆಸಿದರು. ಮಗು ಒಪ್ಪಲೇ ಇಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ನಿಜ ತಿಳಿದ ಮೇಲೆ ಹುಡುಗನಾಗಿಯೇ ಬಾಳಲು ನಿಶ್ಚಯಿಸಿದ. ಪ್ರಯೋಗ ಯಶಸ್ವಿ ಎಂದು ಅದುವರೆಗೆ ಸಾರಲಾಗಿತ್ತು. 1997ರಲ್ಲಿ ಬೇರೆ ಸಂಶೋಧಕರು ನಿಜವನ್ನು ಪ್ರಕಟಿಸಿದರು. ಒಳಗಿನ ಅನಿಸಿಕೆಯನ್ನು ಫ್ರಾಕಿನಿಂದ ತಿದ್ದಲಾಗಲಿಲ್ಲ. ಮನೆಯ ಮಗುವೊಂದು ಎಲ್ಲರೂ ಕರೆಯುವುದಕ್ಕಿಂತ ಬೇರೆ ಏನೋ ತಾನು ಎಂದು ಹೇಳಿದಾಗ ಬೆತ್ತಕ್ಕೆ ಕೈಹಾಕುವ ತಂದೆತಾಯಿಗಳು ಈ ಪ್ರಕರಣವನ್ನು ನೆನೆಯಬೇಕು.

ಕನ್ನಡಕ್ಕೆ ಬರೋಣ. 'ಲಿಂಗ ಪತ್ತೆ' ಎಂದಾಗ ನಾವು ಹೇಳುವುದು ದೇಹದ ಮಾತು. 'ಲಿಂಗ ತಾರತಮ್ಯ' ಎಂದಾಗ ಸಮಾಜದ ಮಾತು. ಪದ ಒಂದೇ ಆದ್ದರಿಂದ ಎರಡರ ನಡುವಿನ ಅಂತರ ಕಣ್ಣಿಗೆ ಬೀಳುವುದಿಲ್ಲ. ಸ್ಕ್ಯಾನಿಂಗ್ ಯಂತ್ರಕ್ಕೆ ಕಾಣಿಸುವುದು ಭ್ರೂಣದ ದೇಹ ಮಾತ್ರ. ವರದಕ್ಷಿಣೆ, ವಂಶ ಮುಂದುವರಿಸುವುದು, ಮುಪ್ಪಿನಲ್ಲಿ ನೋಡಿಕೊಳ್ಳುವುದು ಇವು ಯಾವುವೂ ಆ ಪರದೆಯ ಮೇಲೆ ಮೂಡುವುದಿಲ್ಲ. ಅವನ್ನು ಮನೆಯವರು ತಲೆಯಲ್ಲಿ ಹೊತ್ತು ತಂದಿರುತ್ತಾರೆ. ಭ್ರೂಣದ ಲಿಂಗ ತಿಳಿಸುವುದನ್ನು ನಿಷೇಧಿಸುವ ಕಾಯಿದೆ 1994ರಲ್ಲೇ ಆಯಿತು. ಆದರೂ ದೇಶದಲ್ಲಿ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ರಲ್ಲಿ 927ಕ್ಕೆ ಇಳಿಯಿತು. 2011ರ ಗಣತಿಯಲ್ಲಿ ಇನ್ನೂ ಕೆಳಗೆ ಹೋಯಿತು. ಜೆಂಡರಿಗೆ ಈಚೆಗೆ ಕೆಲವರು 'ಲಿಂಗತ್ವ' ಎಂದು ಬರೆಯುತ್ತಿದ್ದಾರೆ. ಕಿವಿಗೆ ಇನ್ನೂ ಹೊಸದು, ಆದರೆ ನಮಗೆ ಬೇಕಾದ ಪದ.

ಈಗ ಭಾಷೆಯ ಜಗಳ. ಇಂಗ್ಲಿಷಿನಲ್ಲಿ 'ಚೇರ್‌ಮನ್' ಬದಲು 'ಚೇರ್‌ಪರ್ಸನ್' ಬಂತು. 2021ರ ಸೆಪ್ಟೆಂಬರಿನಲ್ಲಿ ಕ್ರಿಕೆಟ್ ನಿಯಮಗಳನ್ನು ರೂಪಿಸುವ ಎಂ.ಸಿ.ಸಿ. 'ಬ್ಯಾಟ್ಸ್‌ಮನ್' ತೆಗೆದು 'ಬ್ಯಾಟರ್' ಎಂದು ಬರೆಯಿತು. ಹಳೆಯ ರೂಪವೇ ಸಾಕೆನ್ನುವವರು "ಅದು ಬರೀ ವ್ಯಾಕರಣ, ಹೆಂಗಸರೂ ಅದರಲ್ಲಿ ಸೇರಿದ್ದಾರೆ" ಎನ್ನುತ್ತಾರೆ. ಕಾನೂನು ಬಹಳ ಕಾಲದಿಂದ ಹೇಳಿದ್ದೂ ಇದನ್ನೇ. 1860ರ ಭಾರತೀಯ ದಂಡ ಸಂಹಿತೆಯ ಪ್ರಕಾರ 'ಅವನು' ಎಂದಿದ್ದರೆ ಗಂಡೂ ಹೌದು, ಹೆಣ್ಣೂ ಹೌದು. ಅದರ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದೇ 'ಅವನು' ಒಳಗೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನೂ ಸೇರಿಸಿತು. ಒಂದೇ ಕೋಣೆ, ಬಾಡಿಗೆದಾರರು ಹೆಚ್ಚಾದರು. ಬಾಗಿಲ ಮೇಲಿನ ಹೆಸರು ಮಾತ್ರ ಬದಲಾಗಲಿಲ್ಲ.

ವ್ಯಾಕರಣದ ಲಿಂಗಕ್ಕೂ ದೇಹಕ್ಕೂ ಸಂಬಂಧ ಕಡಿಮೆ ಎಂಬುದನ್ನು ಮೀಸೆಯ ಉದಾಹರಣೆಯಲ್ಲೇ ಕಂಡೆವು. ಆದರೆ 'ಚೇರ್‌ಮನ್' ಪದದಲ್ಲಿರುವ 'ಮನ್' ಹಿಂದಿಯ ಮೇಜಿನಂತೆ ಸುಮ್ಮನೆ ಬಂದು ಕುಳಿತದ್ದಲ್ಲ. ಆ ಕುರ್ಚಿಯಲ್ಲಿ ಗಂಡಸರೇ ಕೂರುತ್ತಿದ್ದ ಕಾಲದ ಗುರುತು ಅದು. ನಮ್ಮ 'ರಾಷ್ಟ್ರಪತಿ'ಯೂ ಅಷ್ಟೇ. 'ಪತಿ' ಎಂದರೆ ಸಂಸ್ಕೃತದಲ್ಲಿ ಒಡೆಯ ಎಂದೂ ಅರ್ಥ. ಸೇನಾಪತಿ, ಕುಲಪತಿ ಪದಗಳಲ್ಲಿರುವುದು ಅದೇ. 2007ರಲ್ಲಿ ಪ್ರತಿಭಾ ಪಾಟೀಲರು ಆ ಹುದ್ದೆಗೆ ಬಂದಾಗ ಹೇಗೆ ಕರೆಯಬೇಕೆಂಬ ಚರ್ಚೆ ನಡೆದು, ಪದ ಹಾಗೆಯೇ ಉಳಿಯಿತು. 2022ರ ಜುಲೈನಲ್ಲಿ ಬಂಗಾಳದ ಸಂಸದರೊಬ್ಬರು ದ್ರೌಪದಿ ಮುರ್ಮು ಅವರನ್ನು ಕುರಿತು 'ರಾಷ್ಟ್ರಪತ್ನಿ' ಎಂದದ್ದು ಸಂಸತ್ತಿನಲ್ಲಿ ಕೋಲಾಹಲವಾಗಿ, ಅವರು ಕ್ಷಮೆ ಕೇಳಬೇಕಾಯಿತು. ಬಂಗಾಳಿಯ ಸರ್ವನಾಮಗಳಿಗೆ ಲಿಂಗವೇ ಇಲ್ಲ! ಪುಲ್ಲಿಂಗದ ಎದುರಿಗೆ ಸ್ತ್ರೀಲಿಂಗವನ್ನು ಯಾಂತ್ರಿಕವಾಗಿ ಬರೆದರೆ ಒಡೆತನ ಹೋಗಿ ಹೆಂಡತಿತನ ಬರುತ್ತದೆ.

ಕನ್ನಡದಲ್ಲಿ ನಾವು ಇಷ್ಟು ತಿಣುಕಬೇಕಿಲ್ಲ. 'ಅವರು ಬಂದರು' ಎನ್ನಿ, ಗಂಡೋ ಹೆಣ್ಣೋ ಹೇಳುವ ಅಗತ್ಯವೇ ಬೀಳುವುದಿಲ್ಲ. ಇಂಗ್ಲಿಷಿನವರು 'ದೇ' ಎಂಬ ಬಹುವಚನವನ್ನು ಒಬ್ಬರಿಗೆ ಬಳಸಬಹುದೇ ಎಂದು ಹೊಡೆದಾಡುತ್ತಿರುವಾಗ ನಾವು ಅದನ್ನು ದಿನವೂ ಬಳಸುತ್ತಿದ್ದೇವೆ. ಬೀಗುವ ಮುನ್ನ ಒಂದು ವಿಷಯ ಗಮನಿಸಿ. ಈ 'ಅವರು' ನಮ್ಮಲ್ಲಿ ಮರ್ಯಾದೆಯ ರೂಪ. ಮರ್ಯಾದೆ ಕೊಟ್ಟ ಕೂಡಲೇ ಲಿಂಗ ಮಾಯವಾಗುತ್ತದೆ, ಮರ್ಯಾದೆ ಇಳಿಸಿದರೆ ಮತ್ತೆ ಹೊರಬರುತ್ತದೆ. ಮಂತ್ರಿಗಳು ಹೇಳಿದರು, ಡಾಕ್ಟರು ಹೇಳಿದರು; ಕೆಲಸದವಳು ಬಂದಳು, ಕೂಲಿಯವನು ಹೋದನು. ನಿಮ್ಮ ಮನೆಯ ಮಾತನ್ನೇ ಒಂದು ದಿನ ಕಿವಿಗೊಟ್ಟು ಕೇಳಿ. ಎಷ್ಟೋ ಮನೆಗಳಲ್ಲಿ ಅಪ್ಪ 'ಬಂದರು', ಅಮ್ಮ 'ಬಂದಳು'. ಅದು ಅಮ್ಮನ ಮೇಲಿನ ಸಲಿಗೆ, ಪ್ರೀತಿ ಎನ್ನುತ್ತೀರಿ. ಒಪ್ಪಿದೆ. ಆದರೆ ಅಷ್ಟು ಪ್ರೀತಿ ಅಪ್ಪನ ಮೇಲೆ ಯಾಕಿಲ್ಲವೋ!

ಇನ್ನೊಂದು ತೊಡಕೂ ಇದೆ. ಮೇಲೆ ಸ್ಟೀವನ್ಸ್ ಎಂಬ ವಿಜ್ಞಾನಿಯ ಹೆಸರು ಬಂತಲ್ಲ, 'ಪರೀಕ್ಷಿಸಿದರು' ಎಂದೂ ಬರೆದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಅವರ ಚಿತ್ರ ನಿಮ್ಮ ಮನಸ್ಸಿನಲ್ಲಿ ಹೇಗೆ ಮೂಡಿತು? ಅವರ ಪೂರ್ಣ ಹೆಸರು ನೆಟ್ಟೀ ಮರಿಯಾ ಸ್ಟೀವನ್ಸ್. ಅಮೆರಿಕದ ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜಿನಲ್ಲಿ ಸಂಶೋಧನೆ ಮಾಡಿದ ಹೆಂಗಸು. ನಮ್ಮ ಕ್ರಿಯಾಪದ ಯಾರನ್ನೂ ಹೊರಗಿಡಲಿಲ್ಲ. ಆದರೂ ಬಹಳ ಮಂದಿ ಓದುಗರು ಅಲ್ಲಿ ಗಂಡಸನ್ನೇ ಕೂರಿಸಿರುತ್ತೀರಿ. ಭಾಷೆ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಒಳಗಿರುವವರು ಕಾಣುವುದಿಲ್ಲ. ಆದ್ದರಿಂದ ಕೆಲವು ಕಡೆ 'ಅವರು' ಸಾಲದು, 'ವಿಜ್ಞಾನಿ ಹೆಂಗಸು' ಎಂದೇ ಹೇಳಬೇಕಾಗುತ್ತದೆ. ಕೆಲವು ಕಡೆ ಹೇಳುವುದೇ ಅಧಿಕಪ್ರಸಂಗ. ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ನ್ಯಾಯಾಧೀಶರಿಗೂ ವಕೀಲರಿಗೂ ಒಂದು ಕೈಪಿಡಿ ಹೊರತಂದು, 'ಕೆರಿಯರ್ ವುಮನ್' ಎಂದು ಬರೆಯಬೇಡಿ, 'ವುಮನ್' ಸಾಕು ಎಂದಿತು. 'ಕೆರಿಯರ್ ಮ್ಯಾನ್' ಎಂದು ಯಾರನ್ನೂ ಕರೆದದ್ದು ನಾನಂತೂ ಕೇಳಿಲ್ಲ.

ಗಂಡು, ಹೆಣ್ಣು ಎರಡರಲ್ಲೂ ತಮ್ಮನ್ನು ಕಾಣದವರಿಗೆ ಈ ಪ್ರಶ್ನೆ ಬದುಕಿನದೇ ಪ್ರಶ್ನೆ. 2011ರ ಜನಗಣತಿಯಲ್ಲಿ 'ಇತರೆ' ಎಂಬ ಕಲಂನಲ್ಲಿ ದೇಶದಾದ್ಯಂತ 4,87,803 ಮಂದಿ ದಾಖಲಾದರು. ತಾನು ಗಂಡೋ, ಹೆಣ್ಣೋ, ತೃತೀಯ ಲಿಂಗವೋ ಎಂದು ಹೇಳಿಕೊಳ್ಳುವ ಹಕ್ಕು ವ್ಯಕ್ತಿಯದೇ ಎಂದು 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಪಡೆದಾಗ 'ಅಧ್ಯಕ್ಷರಾದರು', 'ಪಡೆದರು' ಎಂದು ಬರೆದರೆ ಸಾಕಾಗಿತ್ತು. ವ್ಯಾಕರಣ ಎಲ್ಲೂ ಅಡ್ಡ ಬರಲಿಲ್ಲ. ಅದೇ ಸಮುದಾಯದವರು ಸಿಗ್ನಲ್ಲಿನಲ್ಲಿ ಕೈಚಾಚಿದಾಗ ನಮ್ಮ ಬಾಯಿಂದ ಬರುವ ಕ್ರಿಯಾಪದ ಬೇರೆ. 'ನಪುಂಸಕ' ಎಂಬುದು ವ್ಯಾಕರಣದ ತರಗತಿಯಲ್ಲಿ ಪಾರಿಭಾಷಿಕ ಪದ, ಗಂಟೆ ಹೊಡೆದ ಮೇಲೆ ಆಟದ ಮೈದಾನದಲ್ಲಿ ಬೈಗುಳ. ಮೇಷ್ಟ್ರುಗಳು ಎರಡನ್ನೂ ಕೇಳಿಸಿಕೊಂಡು ಒಂದನ್ನು ಮಾತ್ರ ತಿದ್ದುತ್ತೇವೆ.

ಕೊನೆಗೆ ನನ್ನ ವಿಷಯದ ಪುಸ್ತಕಗಳ ಮಾತು. ಕನ್ನಡದ ವಿಜ್ಞಾನ ಬರವಣಿಗೆಗೆ 'ಮಾನವ' ಬಹಳ ಪ್ರಿಯ. ಮಾನವನ ಜೀರ್ಣಾಂಗ, ಮಾನವನ ಹೃದಯ. ಹೀಗೆ ಹೋಗುತ್ತ ಹೋಗುತ್ತ 'ಮಾನವನಲ್ಲಿ ಸಂತಾನೋತ್ಪತ್ತಿ' ಬರುತ್ತದೆ. ಅಲ್ಲಿಗೆ ಈ 'ಅವನು' ಗರ್ಭ ಧರಿಸಿ, ಸುಮಾರು 280 ದಿನ ಹೊತ್ತು, ಹೆತ್ತು, ಮೊಲೆಯೂಡಿಸಬೇಕಾಗುತ್ತದೆ. ಮಕ್ಕಳು ನಗುವುದಿಲ್ಲ, ಅಭ್ಯಾಸವಾಗಿಹೋಗಿದೆ. 'ಮನುಷ್ಯರಲ್ಲಿ' ಎಂದು ಬರೆದರೆ ಮುಗಿಯಿತು. ಉತ್ತರಪತ್ರಿಕೆಯಲ್ಲಿ ಹಾಗೆ ಬರೆದದ್ದಕ್ಕೆ ಅಂಕ ಕಳೆಯುವ ಮೇಷ್ಟ್ರು ಯಾರೂ ಇರಲಾರರು, ನಾನಂತೂ ಕಳೆಯುವುದಿಲ್ಲ.