ಊರಲ್ಲಿ ಪತ್ತು ಇದೆ, ಮೊಬೈಲ್ ಅಂಗಡಿಯಲ್ಲಿ ಇಲ್ಲ

ನನ್ನದು ಶಹಾಪುರ ತಾಲೂಕಿನಲ್ಲಿ ಆರು ಎಕರೆ ಖುಷ್ಕಿ ಜಮೀನು. ಕಾಲುವೆ ನೀರು ನಮ್ಮ ಹೊಲದ ತನಕ ಬಂದಿಲ್ಲ. ತೊಗರಿ, ಹೆಸರು, ಹಿಂಗಾರಿಗೆ ಒಂದಿಷ್ಟು ಬಿಳಿಜೋಳ. ಓದಿದ್ದು ಏಳನೇ ಇಯತ್ತೆ. ಮೂವತ್ತು ವರ್ಷದಿಂದ ಊರ ಸಹಕಾರ ಸಂಘದಲ್ಲಿ ಬೆಳೆಸಾಲ ಎತ್ತಿ ತೀರಿಸುತ್ತ ಬಂದಿದ್ದೇನೆ. ಬೀಜ-ಗೊಬ್ಬರದ ಅಂಗಡಿಯವರು ಮುಖ ನೋಡಿ ಉದ್ರಿ ಕೊಡ್ತಾರೆ. ಇಂಥವನಿಗೆ ಹತ್ತು ಸಾವಿರದ ಮೊಬೈಲು ಕಂತಿನ ಮೇಲೆ ಸಿಗಲಿಲ್ಲ. ಯಾಕೆ ಅಂತ ತಿಳಿಯಲು ಒಂದೂವರೆ ವರ್ಷ ಹಿಡಿಯಿತು. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

2023ರ ಆಗಸ್ಟಿನಲ್ಲಿ ಎತ್ತಿಗೆ ನೀರು ಕುಡಿಸುವಾಗ ಇದ್ದ ಫೋನು ಬಾನಿಯೊಳಗೆ ಬಿತ್ತು. ಆ ವರ್ಷ ಮಳೆ ಕೈಕೊಟ್ಟಿತ್ತು, ಬರಗಾಲ ಬರೋದು ಕಣ್ಣಿಗೆ ಕಾಣುತ್ತಿತ್ತು. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ತೊಗರಿ ಫೋಟೊ ಏರಿಸಬೇಕು, ಪಿಎಂ ಕಿಸಾನ್ ಓಟಿಪಿ ಬರಬೇಕು, ಬೆಂಗಳೂರಿಗೆ ದುಡಿಯಲು ಹೋದ ಮಗ ರೊಕ್ಕ ಹಾಕಿದ್ದು ತಿಳಿಯಬೇಕು. ಈಗ ಫೋನು ಶೋಕಿ ಅಲ್ಲ, ಕೂರಿಗೆ ಇದ್ದಂಗ.

ಕೈಯಲ್ಲಿ ಮೂರು ಸಾವಿರ ಇತ್ತು. ಶಹಾಪುರದ ಒಂದು ಅಂಗಡಿಗೆ ಹೋದೆ. ಹುಡುಗ ಪ್ಯಾನ್ ನಂಬರ್ ಒತ್ತಿದ, ಮಗಳ ಫೋನಿಗೆ ಬಂದ ಓಟಿಪಿ ಕೇಳಿದ, ಆಮೇಲೆ ಗಟ್ಟಿಯಾಗಿಯೇ ಅಂದ: "ಕಾಕಾ, ನಿಮ್ದು ಮೈನಸ್ ಒಂದು ತೋರಸ್ತದ. ಆಗಂಗಿಲ್ರಿ."

"ನಾ ಯಾರ ಸಾಲ ಮುಳುಗಿಸೀನೋ ತಮ್ಮಾ?"

"ಮುಳುಗಿಸಿಲ್ರಿ. ನೀವು ಸಾಲ ಮಾಡಿದ್ದೇ ಇಲ್ಲಂತ ಅದ."

ಅಂಗಡಿ ತುಂಬ ಮಂದಿ ಇದ್ದರು. ಮೈನಸ್ ಅಂದರೆ ಬಾಕಿ ಅಂತ ತಿಳಿದು ನಾಲ್ಕು ಜನ ನನ್ನ ಕಡೆ ತಿರುಗಿ ನೋಡಿದರು. ಹಟಕ್ಕೆ ಬಿದ್ದು ಮರುದಿನ ಸುರಪುರಕ್ಕೆ ಹೋದೆ. ಅಲ್ಲಿಯೂ ಅದೇ. ಹೀಗೆ ಅಂಗಡಿ ಅಂಗಡಿ ತಿರುಗಿ ನಂಬರ್ ಒತ್ತಿಸೋದು ತಪ್ಪು ಅಂತ ಆಮೇಲೆ ಗೊತ್ತಾಯಿತು. ಪ್ರತಿ ಸಲ ಒತ್ತಿದಾಗಲೂ 'ಇವ ಸಾಲ ಕೇಳಿದ್ದ' ಅಂತ ಒಂದು ದಾಖಲೆ ಬೀಳ್ತದೆ. ಸ್ವಲ್ಪ ದಿನದಲ್ಲಿ ಅಂಥವು ಹೆಚ್ಚಾದರೆ ಇವನಿಗೆ ರೊಕ್ಕದ ಅಡಚಣಿ ಭಾಳ ಅದ ಅಂತ ಸಾಲ ಕೊಡುವವರು ಲೆಕ್ಕ ಹಾಕ್ತಾರೆ.

ಏನಿದು ಮೈನಸ್ ಒಂದು? ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ನಾಲ್ಕು ಕಂಪನಿಗಳು ಯಾರು ಎಲ್ಲಿ ಸಾಲ ಮಾಡಿದರು, ಕಂತು ಸರಿಯಾಗಿ ಕಟ್ಟಿದರೋ ಇಲ್ಲೋ ಅಂತ ಖಾತೆ ಬರೆದಿಡುತ್ತವೆ. 2000ದಲ್ಲಿ ಶುರುವಾದ ಸಿಬಿಲ್ ಅದರಲ್ಲಿ ಹಳೆಯದು, ಅದಕ್ಕೇ ಎಲ್ಲರೂ 'ಸಿಬಿಲ್' ಅಂತಲೇ ಅನ್ನೋದು. ಅಂಕ 300ರಿಂದ 900ರ ತನಕ. 750ರ ಮೇಲಿದ್ದರೆ ಚಲೋ ಅಂತ ಹಿಡೀತಾರೆ. ಖಾತೆಯೇ ಇಲ್ಲದವನಿಗೆ ಅಂಕ ಕೊಡಲು ಬರೋದಿಲ್ಲ, ಅದಕ್ಕೆ ಮೈನಸ್ ಒಂದು ಅಂತ ಹಾಕ್ತಾರೆ. ಅದು ಕೆಟ್ಟ ಅಂಕ ಅಲ್ಲ, ಖಾಲಿ ಹಾಳೆ.

ಹಾಗಾದರೆ ನನ್ನ ಮೂವತ್ತು ವರ್ಷದ ಬೆಳೆಸಾಲ ಎಲ್ಲಿ ಹೋಯಿತು? ನಮ್ಮ ಸಂಘದ ಪುಸ್ತಕದಲ್ಲಿ ಅದು ಇದೆ, ಆ ಕಂಪನಿಗಳ ಖಾತೆಗೆ ಹೋಗಿಲ್ಲ, ಅಷ್ಟೇ. ಅಡತಿ ಅಂಗಡಿ, ಗೊಬ್ಬರದ ಅಂಗಡಿಯ ಉದ್ರಿಯಂತೂ ಎಲ್ಲೂ ಬರೆಯೋದಿಲ್ಲ. ಮಜಾ ಏನಂದರೆ, ನಮ್ಮ ಮನೆಯಾಕೆಗೆ ಅಂಕ ಇತ್ತು! ಆಕೆ ಮೈಕ್ರೋಫೈನಾನ್ಸಿನ ಗುಂಪಿನಲ್ಲಿ ಸಾಲ ಎತ್ತಿ ತಪ್ಪದೆ ಕಟ್ಟಿದಾಕಿ. ಆ ಕಂಪನಿಗಳು ಪ್ರತಿ ಸದಸ್ಯಳ ಲೆಕ್ಕವನ್ನೂ ಕಳಿಸುತ್ತವೆ. ಹೊಲ ನನ್ನ ಹೆಸರಲ್ಲಿ, ಪತ್ತು ಆಕೆ ಹೆಸರಲ್ಲಿ.

ಆಕೆ ಹೆಸರಲ್ಲಿ ಫೋನು ತೆಗೆಯಬಹುದಿತ್ತು. ತೆಗೆಯುವ ಮೊದಲು ಬಾಜು ಹೊಲದವನು ಅಂಥದೇ ಫೋನು ತಂದ ಚೀಟಿ ನೋಡಿದೆ. ನಗದು ಬೆಲೆ 10,500. ಮೊದಲಿಗೆ ಕಟ್ಟಿದ್ದು 3,000, ಉಳಿದ 7,500ಕ್ಕೆ ತಿಂಗಳಿಗೆ 1,060ರಂತೆ 8 ಕಂತು, ಮೇಲೆ ಫೈಲ್ ಚಾರ್ಜು 499. ಒಟ್ಟು 11,979. "ಬರೇ ಹದಿನೈದು ನೂರು ಹೆಚ್ಚು" ಅಂದ ಅವ. ನಾನು ಸಾವ್ಕಾರನ ಬಡ್ಡಿ ಲೆಕ್ಕ ಮಾಡುವಂತೆ ಮಾಡಿದೆ. ಪೂರಾ 7,500 ನಮ್ಮ ಕೈಯಲ್ಲಿರೋದು ಒಂದೇ ತಿಂಗಳು. ಆಮೇಲೆ ತಿಂಗಳಿಗೆ 937ರಂತೆ ಅಸಲು ಇಳೀತದೆ. ಎಂಟೂ ತಿಂಗಳ ಬಾಕಿ ಕೂಡಿಸಿದರೆ 33,750 ಆಗ್ತದೆ, ಅದಕ್ಕೆ ಕೊಟ್ಟದ್ದು 1,479. ಅಂದರೆ ನೂರಕ್ಕೆ ತಿಂಗಳಿಗೆ ನಾಲ್ಕು ರೂಪಾಯಿ ಮೇಲೆ. ನಮ್ಮೂರ ಸಾವ್ಕಾರ ನೂರಕ್ಕೆ ಮೂರರಂತೆ ಹಚ್ಚಿದರೆ ಊರೆಲ್ಲ ಬೈತದೆ.

ಇಂಥ ಲೆಕ್ಕ ನಾವೇ ಮಾಡಬೇಕಾಗಿಲ್ಲ. 2024ರ ಅಕ್ಟೋಬರದಿಂದ ಇಂಥ ಸಾಲ ಕೊಡುವವರು ಬಡ್ಡಿ, ಚಾರ್ಜು ಎಲ್ಲ ಸೇರಿಸಿ ವರ್ಷಕ್ಕೆ ಶೇಕಡಾ ಎಷ್ಟು ಬೀಳ್ತದೆ ಅಂತ ಒಂದು ಹಾಳೆಯಲ್ಲಿ, ನಮಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಸಹಿ ಮಾಡುವ ಮೊದಲೇ ಆ ಹಾಳೆ ಕೇಳಿರಿ.

ಬಡ್ಡಿಗಿಂತ ದೊಡ್ಡ ತೊಡಕು ಬೇರೆ ಇದೆ. ಕಂತು ಬೀಳೋದು ತಿಂಗಳಿಗೊಮ್ಮೆ, ನಮ್ಮ ತೊಗರಿ ರೊಕ್ಕ ಬರೋದು ವರ್ಷಕ್ಕೊಮ್ಮೆ. ಬ್ಯಾಂಕ್ ಖಾತೆಯಿಂದ ತಾನೇ ಕಡಿತವಾಗಲಿ ಅಂತ ಬರೆಸಿಕೊಂಡಿರ್ತಾರೆ. ಖಾತೆ ಖಾಲಿ ಇದ್ದರೆ ಬ್ಯಾಂಕಿನವರೂ ದಂಡ ಹಾಕ್ತಾರೆ, ಫೈನಾನ್ಸಿನವರೂ ಹಾಕ್ತಾರೆ. ಮೇಲೆ ಖಾತೆಯಲ್ಲಿ ಕೆಂಪು ಗುರುತು. ಆ ಗುರುತಿಗಿಂತ ಖಾಲಿ ಹಾಳೆಯೇ ಎಷ್ಟೋ ವಾಸಿ.

ಸಿಮ್ಮಿನ ವಿಷಯವೂ ಹಾಗೇ. ಮೊದಲು ರೊಕ್ಕ ಹಾಕಿ ಆಮೇಲೆ ಮಾತಾಡುವ ಪ್ರೀಪೇಡಿಗೆ ನಿಮ್ಮ ಪತ್ತು ಯಾರೂ ಕೇಳೋದಿಲ್ಲ, ಆಧಾರ್ ಸಾಕು. ಮೊದಲು ಮಾತಾಡಿ ತಿಂಗಳ ಕೊನೆಗೆ ಬಿಲ್ಲು ಕಟ್ಟುವ ಪೋಸ್ಟ್‌ಪೇಡ್ ಅಂದರೆ ಅದೂ ಉದ್ರಿಯೇ. ಹಳೇ ಲೆಕ್ಕ ನೋಡಬಹುದು, ಠೇವಣಿ ಕೇಳಬಹುದು. ಹೊರದೇಶಗಳಲ್ಲಿ ಸಿಮ್ಮು, ಫೋನು ಕೂಡಿಸಿ ಎರಡು ವರ್ಷದ ಕರಾರಿಗೆ ಕೊಡೋದು ಹೆಚ್ಚು, ನಮ್ಮಲ್ಲಿ ಪ್ರೀಪೇಡೇ ಹೆಚ್ಚು. ನಾನು ತೊಗರಿ ಮಾರಿದಾಗ 365 ದಿನದ ರೀಚಾರ್ಜ್ ಒಮ್ಮೆಗೇ ಹಾಕಿಸಿಬಿಡ್ತೇನೆ. ಖುಷ್ಕಿಯವರಿಗೆ ಇದೇ ಹೊಂದೋದು.

ಕೊನೆಗೆ ಆ ಮೂರು ಸಾವಿರದಲ್ಲಿ ಒಂದು ಗುಂಡಿ ಒತ್ತುವ ಫೋನು ತಂದೆ, ಸಮೀಕ್ಷೆ ಫೋಟೊ ಮಗಳ ಫೋನಿನಲ್ಲಿ ಹಿಡಿಸಿದೆ. 2024ರ ಜನವರಿಯಲ್ಲಿ ಯಾದಗಿರಿಗೆ ತೊಗರಿ ಒಯ್ದೆ. ರಾಶಿ ಕಡಿಮೆ, ಧಾರಣೆ ಮಾತ್ರ ಚಲೋ ಇತ್ತು. ಬರುವಾಗ ನಗದು ಕೊಟ್ಟು ದೊಡ್ಡ ಫೋನು ತಂದೆ.

ಆದರೆ ಹಾಳೆ ಖಾಲಿ ಬಿಡೋದೂ ಸರಿಯಲ್ಲ ಅನ್ನಿಸಿತು. ನಾಳೆ ಬೋರಿಗೋ ಮಗಳ ಓದಿಗೋ ಸಾಲ ಬೇಕಾದೀತು. ಅದೇ ಜೂನಿನಲ್ಲಿ ಬ್ಯಾಂಕಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಮಾಡಿಸಿದೆ. ಅದರ ಗಡುವು ಬೆಳೆಯ ಹಂಗಾಮಿಗೆ ಹೊಂದಿರ್ತದೆ, ವೇಳೆಗೆ ಕಟ್ಟಿದರೆ ಬಡ್ಡಿ ಶೇಕಡಾ 4ಕ್ಕೆ ಇಳೀತದೆ. 2025ರ ಜನವರಿಯಿಂದ 2 ಲಕ್ಷದ ತನಕ ಹೊಲ ಒತ್ತೆ ಇಡಬೇಕಾಗಿಲ್ಲ. ಪಹಣಿ, ಆಧಾರ್, ಪ್ಯಾನ್ ಮೂರರಲ್ಲೂ ಹೆಸರು ಒಂದೇ ಇರಲಿ. ನನ್ನದು ಒಂದರಲ್ಲಿ ಅಡ್ಡಹೆಸರು ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅದಕ್ಕೇ ಒಂದು ತಿಂಗಳು ಓಡಾಡಿದೆ. ಮರುವರ್ಷ ನೋಡಿದರೆ ಮೈನಸ್ ಹೋಗಿ ಅಂಕ ಬಂದಿತ್ತು. ವರ್ಷಕ್ಕೊಮ್ಮೆ ಪೂರಾ ವರದಿಯನ್ನು ಆ ನಾಲ್ಕೂ ಕಂಪನಿಗಳು ಪುಕ್ಕಟೆ ಕೊಡಬೇಕು, ಇದು 2017ರಿಂದ ಇದೆ. ತಪ್ಪು ಬರೆದಿದ್ದರೆ ದೂರು ಕೊಡಿರಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಉಂಟು.

ಮೊದಲ ಸಲ ಸಾಲ ಕೇಳುವವರನ್ನು ಹಳೇ ದಾಖಲೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ತಿರುಗಿಸಿ ಕಳಿಸಬಾರದು ಅಂತ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ತಿಳಿಸಿದೆ. 2025ರ ಆಗಸ್ಟಿನಲ್ಲಿ ಸರಕಾರ ಇದನ್ನು ಲೋಕಸಭೆಯಲ್ಲೂ ಹೇಳಿತು. ಮೊಬೈಲ್ ಅಂಗಡಿಯ ಹುಡುಗನಿಗೆ ಇದನ್ನು ಹೇಳಿ ಉಪಯೋಗವಿಲ್ಲ, ಬ್ಯಾಂಕಿನ ಮ್ಯಾನೇಜರ ಮುಂದೆ ಹೇಳಿರಿ.

ಅಂಕ ಬಂದ ಮೇಲೆ ಇನ್ನೊಂದು ಕಾಟ ಶುರುವಾಗಿದೆ. ತಮ್ಮ ಹೆಸರಲ್ಲಿ ಸಿಗದ ಹುಡುಗರು ಕಾಕಾನ ಪ್ಯಾನ್ ಕೊಟ್ಟು ಫೋನು ತರ್ತಾರೆ. ಸಾಲ ಕಾಕಾನದು, ಫೋನು ಅವರದು. ಜಾಮೀನು ನಿಂತರೂ ಅದು ನಮ್ಮ ವರದಿಯಲ್ಲಿ ಕಾಣ್ತದೆ. ಮೊನ್ನೆ ಅಣ್ಣನ ಮಗ ಇದಕ್ಕೇ ಮನೆಗೆ ಬಂದಿದ್ದ. ರೊಟ್ಟಿ ಉಣ್ಣಿಸಿ, ಪ್ಯಾನ್ ಕೊಡದೆ ಕಳಿಸಿದೆ. ಅಣ್ಣ ಇನ್ನೂ ಮಾತಾಡಿಲ್ಲ.